ಒಂದು ಇಟ್ಟಿಗೆಗೆ ಒಂದೇ ಸ್ಟಿಕ್ಕರ್

ಮಗೂ,

ಹೋದ ಶನಿವಾರ ನೀನು ಷೂ ಡಬ್ಬದಲ್ಲಿ ಹಳೇ ಟವೆಲ್ ಹಾಸಿ, ಅದರ ಮೇಲೆ ನೇರಳೆ ಬಣ್ಣದ ಬೋಗಿಯೊಂದನ್ನು ಮಲಗಿಸಿಕೊಂಡು ಅಂಗಡಿಗೆ ಬಂದೆ. ‘ತಾತ, ಇದರ ಮೇಲೆ ಗೋಲ್ಡ್ ಕಲರಲ್ಲಿ ಹೆಸರು ಕಟ್ ಮಾಡಿ ಅಂಟಿಸಿಕೊಡು, ಐದು ನಿಮಿಷದ ಕೆಲಸ’ ಅಂದೆ. ಇವತ್ತು ಆಗಲ್ಲ ಅಂದಾಗ ನಿನ್ನ ಮುಖ ಸಪ್ಪಗಾಯಿತು. ನಂಬರ್ ಪ್ಲೇಟಿಗೆ ಕಾದು ನಿಂತವರೇ ನಾಲ್ಕು ಜನ ಇದ್ದರು, ನಿನ್ನ ಜೊತೆ ಕೂತು ಮಾತಾಡಲು ಪುರುಸೊತ್ತಾಗಲಿಲ್ಲ. ಅವತ್ತು ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ನಿನ್ನಂತೆ ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ರೈಲು ಕಟ್ಟುವ ಬೇರೆ ಮಕ್ಕಳ ಕಣ್ಣಿಗೂ ಬೀಳಲಿ ಎಂದು ಪತ್ರಿಕೆಗೇ ಕೊಡುತ್ತಿದ್ದೇನೆ.

ಅದು ಐದು ನಿಮಿಷದ ಕೆಲಸ ಅಲ್ಲ. ನಲವತ್ತು ವರ್ಷ ಅಕ್ಷರದ ಅನ್ನ ತಿಂದವನು ನಾನು. ಮೊದಲ ಹದಿನೆಂಟು ವರ್ಷ ಬ್ರಷ್ಷು, ಎನಾಮೆಲ್ ಬಣ್ಣ. ಅಂಗಡಿ ಬೋರ್ಡು, ಲಾರಿಯ ಬೆನ್ನು, ಶಾಲೆಯ ಗೋಡೆ, ಹೀಗೆ ಸುಣ್ಣದ ದಾರ ಹೊಡೆದು ಗೆರೆ ಎಳೆದು ಬರೆದದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಸ್ಟಿಕ್ಕರ್ ಕತ್ತರಿಸುವ ಪ್ಲಾಟರ್ ಬಂತು. ಹೊಳೆಯುವುದು, ಹೊಳೆಯದ್ದು ಎಲ್ಲಕ್ಕೂ ಜನ ಒಟ್ಟಾಗಿ ರೇಡಿಯಂ ಎಂದು ಹೆಸರಿಟ್ಟರು. ನಾನೂ ಬ್ರಷ್ ತೊಳೆದಿಟ್ಟು ರೇಡಿಯಂ ಅಂಗಡಿಯವನಾದೆ. ಈ ಎರಡೂ ಕಾಲದಲ್ಲಿ ಕಲಿತದ್ದರಲ್ಲಿ ನಿನ್ನ ರೈಲಿಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ.

ನಿನ್ನ ಆಟದಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಗುಣ ಒಂದಿದೆ. ಅದು ತಪ್ಪನ್ನು ಕ್ಷಮಿಸುತ್ತದೆ. ಗೋಡೆ ಸೊಟ್ಟಗಾಯಿತೇ, ಬಿಚ್ಚು, ಮತ್ತೆ ಕಟ್ಟು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸೆನ್ 1932ರಲ್ಲಿ ಮರದ ಆಟಿಕೆ ಮಾಡಲು ತೊಡಗಿದರು. ‘ಚೆನ್ನಾಗಿ ಆಡು’ ಎಂಬ ಅರ್ಥದ ಎರಡು ಡೇನಿಶ್ ಪದಗಳು ಸೇರಿ ಲೆಗೊ ಎಂಬ ಹೆಸರಾಯಿತು. ಈಗ ನಿನ್ನ ಕೈಯಲ್ಲಿರುವಂಥ, ಒಳಗೆ ಕೊಳವೆ ಇರುವ ಇಟ್ಟಿಗೆಗೆ ಅವರ ಮಗನ ಕಾಲದಲ್ಲಿ, 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಆ ವರ್ಷದ ಇಟ್ಟಿಗೆಯನ್ನು ತಂದು ಇವತ್ತಿನ ಇಟ್ಟಿಗೆಯ ಮೇಲಿಟ್ಟರೆ ಟಕ್ಕೆಂದು ಕೂರುತ್ತದೆ. ಅವರ ರೈಲು ಬಂದದ್ದು 1966ರಲ್ಲಿ. ಅವತ್ತಿನಿಂದ ಹಳಿ ಬದಲಾಗಿದೆ, ಮೋಟರ್ ಬದಲಾಗಿದೆ, ಇಟ್ಟಿಗೆಯ ಅಳತೆ ಬದಲಾಗಿಲ್ಲ. ನೂರು ಸಲ ಕಟ್ಟಿ ನೂರು ಸಲ ಬಿಚ್ಚಬಹುದಾದ ವಸ್ತು ಅದು.

ನಿನ್ನ ಡಬ್ಬದಲ್ಲಿ ಬಿಚ್ಚಲಾಗದ್ದು ಸ್ಟಿಕ್ಕರ್ ಒಂದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಸ್ಟಿಕ್ಕರೂ ಅದೇ ಜಾತಿಯದು. ಅಂಟಿಸಿದರೆ ಹೋಯಿತು. ಕಿತ್ತು ಮತ್ತೆ ಅಂಟಿಸಿದ್ದು ಮೊದಲಿನಂತೆ ಕೂರುವುದಿಲ್ಲ, ಅಂಚಿಗೆ ಧೂಳು ಹಿಡಿಯುತ್ತದೆ, ಮೂಲೆ ಏಳುತ್ತದೆ. ಕಟ್ಟುವಾಗ ಎಷ್ಟು ಬೇಕಾದರೂ ಧೈರ್ಯ ಮಾಡು. ಅಂಟಿಸುವ ಹೊತ್ತಿಗೆ ಮಾತ್ರ ನಿಧಾನ ಮಾಡು.

ಈ ಮಾತು ನನ್ನ ಬುದ್ಧಿಗೆ ಹತ್ತಿದ್ದು ನಿನ್ನ ಇಟ್ಟಿಗೆಯನ್ನೇ ಕೆಡಿಸಿದ ಮೇಲೆ. ನೆನಪಿದೆಯಾ, ಮೂರು ವರ್ಷದ ಹಿಂದೆ ನಿನ್ನ ಮೊದಲ ಎಂಜಿನ್ನಿನ ಮೇಲೆ ನಂಬರ್ ಸೊಟ್ಟಗೆ ಕೂತಿತ್ತು. ಅದನ್ನು ಕಿತ್ತು, ಉಳಿದ ಅಂಟು ತೆಗೆಯಲು ಬೈಕ್ ಟ್ಯಾಂಕ್ ಒರೆಸುವ ಥಿನ್ನರ್ ಬಟ್ಟೆಯನ್ನೇ ತಗೊಂಡು ಒರೆಸಿಬಿಟ್ಟೆ. ಕಬ್ಬಿಣಕ್ಕೆ ಏನೂ ಮಾಡದ ಥಿನ್ನರ್ ಆ ಇಟ್ಟಿಗೆಯ ಹೊಳಪನ್ನು ಕ್ಷಣದಲ್ಲಿ ತಿಂದುಹಾಕಿತು. ಮೇಲ್ಮೈ ಮೆತ್ತಗಾಗಿ ನನ್ನ ಹೆಬ್ಬೆರಳಿನ ಗುರುತು ಅಚ್ಚಾಗಿ ಉಳಿಯಿತು. ನೀನು ಒಂದು ಮಾತೂ ಆಡದೆ ಅದನ್ನು ಕಾಣದ ಹಾಗೆ ಬೋಗಿಯ ಒಳಗೋಡೆಗೆ ಹಾಕಿಕೊಂಡೆ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಇಟ್ಟಿಗೆ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನದು. ಅಸಿಟೋನ್, ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ಅಳಿಸುವ ದ್ರವ ಯಾವುದನ್ನೂ ಅದರ ಹತ್ತಿರ ತರಬೇಡ. ಅಂಟು ತೆಗೆಯಬೇಕಾದರೆ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಡು, ಬೆರಳಲ್ಲೇ ಉಜ್ಜಿ ತೆಗೆ, ಸೋಪಿನ ನೀರಲ್ಲಿ ತೊಳೆ. ಸ್ಟಿಕ್ಕರ್ ಕೀಳುವ ಮೊದಲು ಹೇರ್ ಡ್ರೈಯರಿನ ಹದವಾದ ಬಿಸಿಗಾಳಿ ತೋರಿಸಿದರೆ ಅಂಟು ಸಡಿಲವಾಗುತ್ತದೆ. ಗಾಳಿ ಬೆಚ್ಚಗಿರಲಿ, ಸುಡದಿರಲಿ.

ಇನ್ನು ಅಳತೆ. ನೀವು ಹುಡುಗರು ಸ್ಟಡ್ ಅನ್ನುವುದನ್ನು ನಾನು ಗುಂಡಿ ಅನ್ನುತ್ತೇನೆ. ಒಂದು ಗುಂಡಿಯಿಂದ ಪಕ್ಕದ ಗುಂಡಿಗೆ 8 ಮಿಲಿಮೀಟರ್. ಆದರೆ ಒಂದು ಗುಂಡಿಯ ಇಟ್ಟಿಗೆಯ ಅಗಲ 8 ಅಲ್ಲ, 7.8. ಪಕ್ಕದ ಇಟ್ಟಿಗೆ ಉಜ್ಜದಿರಲಿ ಎಂದು ಆ ಕೂದಲೆಳೆಯ ಜಾಗ ಬಿಟ್ಟಿದ್ದಾರೆ. ಇಟ್ಟಿಗೆಯ ಎತ್ತರ 9.6, ತೆಳು ಪ್ಲೇಟು 3.2, ಮೂರು ಪ್ಲೇಟು ಸೇರಿದರೆ ಒಂದು ಇಟ್ಟಿಗೆ. ನುಣುಪಾದ ಟೈಲ್ ಆರು ಗುಂಡಿ ಉದ್ದದ್ದಾದರೆ 47.8 ಮಿ.ಮೀ. ಉದ್ದ, 7.8 ಅಗಲ. ಅದಕ್ಕೆ ನೀನು 48ಕ್ಕೆ 8ರ ಸ್ಟಿಕ್ಕರ್ ಮಾಡಿದರೆ ಅಂಚು ಹೊರಗೆ ಚಾಚಿ, ಮುಟ್ಟಿದಾಗಲೆಲ್ಲ ಏಳುತ್ತದೆ. 47ಕ್ಕೆ 7 ಮಾಡು, ಸುತ್ತ ಅರ್ಧ ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಜಾಗ ಉಳಿಯುತ್ತದೆ. ಆ ಜಾಗ ಇದ್ದರೆ ಕಣ್ಣಿಗೂ ಹಿತ, ಅಂಟಿಗೂ ಹಿತ. ನಾಲ್ಕು ಮೂಲೆಯನ್ನೂ ಸ್ವಲ್ಪವೇ ದುಂಡಗೆ ಮಾಡು. ಚೂಪು ಮೂಲೆಯ ಸ್ಟಿಕ್ಕರ್ ಮೊದಲು ಏಳುವುದು ಮೂಲೆಯಿಂದಲೇ. ನಂಬರ್ ಪ್ಲೇಟಿರಲಿ, ಲಾರಿಯ ಬಾಗಿಲಿರಲಿ, ನಾನು ನೋಡಿದ್ದು ಇದನ್ನೇ.

ಕಂಪ್ಯೂಟರಿನಲ್ಲಿ ಎಷ್ಟು ಅಳೆದರೂ ಪ್ರಿಂಟರ್ ನಿನ್ನ ಲೆಕ್ಕ ಕೆಡಿಸಬಲ್ಲದು. ಹಾಳೆಗೆ ಹೊಂದಿಸುವ ಆಯ್ಕೆ ತಾನಾಗಿಯೇ ಚಾಲೂ ಇದ್ದರೆ ಅದು ಚಿತ್ರವನ್ನು ಸದ್ದಿಲ್ಲದೆ ನೂರಕ್ಕೆ ಮೂರೋ ನಾಲ್ಕೋ ಪಾಲು ಕುಗ್ಗಿಸಿಬಿಡುತ್ತದೆ. ದೊಡ್ಡ ಪೋಸ್ಟರಿಗೆ ಅದು ಗೊತ್ತೂ ಆಗುವುದಿಲ್ಲ. ನಿನ್ನ 47 ಮಿಲಿಮೀಟರಿನ ಪಟ್ಟಿಯಲ್ಲಿ ಒಂದೂವರೆ ಮಿಲಿಮೀಟರ್ ಹೋದರೆ ಎದ್ದು ಕಾಣುತ್ತದೆ. ಆದ್ದರಿಂದ ಪ್ರತಿ ಹಾಳೆಯ ಮೂಲೆಯಲ್ಲೂ ಸರಿಯಾಗಿ 100 ಮಿ.ಮೀ. ಉದ್ದದ ಗೆರೆಯೊಂದನ್ನು ಎಳೆದಿಡು. ಮೊದಲು ಬಿಳಿ ಕಾಗದದ ಮೇಲೆ ತೆಗೆದು, ಸ್ಟೀಲ್ ಸ್ಕೇಲ್ ಇಟ್ಟು ಆ ಗೆರೆ ಅಳೆ. ನೂರಕ್ಕೆ ನೂರು ಬಂದರೆ ಮಾತ್ರ ಸ್ಟಿಕ್ಕರ್ ಹಾಳೆಗೆ ಕೈ ಹಾಕು. ಆ ಬಿಳಿ ಕಾಗದವನ್ನೂ ಬಿಸಾಡಬೇಡ. ಕತ್ತರಿಸಿ, ಒಂದು ಚೂರು ಟೇಪ್ ಹಚ್ಚಿ ಬೋಗಿಯ ಮೇಲೆ ಇಟ್ಟು, ಮೇಜಿನ ಆ ಕಡೆ ಹೋಗಿ ನಿಂತು ನೋಡು. ಹತ್ತಿರದಿಂದ ಸರಿ ಕಂಡ ಅಕ್ಷರ ಮೂರು ಅಡಿ ದೂರದಿಂದ ಸಣ್ಣದಾಯಿತು ಎನಿಸಬಹುದು. ಬೋರ್ಡ್ ಬರೆಯುವಾಗ ನಾನು ಏಣಿಯಿಂದ ಇಳಿದು ರಸ್ತೆಯ ಆಚೆ ಬದಿಗೆ ಹೋಗಿ ನೋಡುತ್ತಿದ್ದೆ, ದಿನಕ್ಕೆ ಇಪ್ಪತ್ತು ಸಲ.

ಈಗ ನಿನ್ನ ಗೋಲ್ಡನ್ ಚಾರಿಯಟ್ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ರೈಲನ್ನೇ ಆರಿಸಿದ್ದೀಯ. ನಮ್ಮ ರಾಜ್ಯದ ಐಷಾರಾಮಿ ಪ್ರವಾಸಿ ರೈಲು, 2008ರಲ್ಲಿ ಓಡಲು ಶುರುವಾದದ್ದು. ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ನೆನೆದು ಇಟ್ಟ ಹೆಸರು. ಪ್ರಯಾಣಿಕರು ಮಲಗುವ ಹನ್ನೊಂದು ಬೋಗಿಗೂ ಕರ್ನಾಟಕವನ್ನಾಳಿದ ಮನೆತನಗಳ ಹೆಸರು: ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ಹೀಗೆ. ಊಟದ ಬೋಗಿಗಳಿಗೆ ನಳ, ರುಚಿ ಎಂಬ ಹೆಸರು. ಲಾಂಛನದಲ್ಲಿ ಆನೆಯ ತಲೆ, ಸಿಂಹದ ಮೈ. ಮೈಬಣ್ಣ ನೇರಳೆ, ಅದರ ಮೇಲೆ ಚಿನ್ನದ ಬಣ್ಣ.

ಆ ನೇರಳೆಯ ಮೇಲಿನ ಚಿನ್ನವೇ ನಿನಗೆ ಬಂದಿರುವ ಕಷ್ಟ. ಮನೆಯ ಪ್ರಿಂಟರಿಗೆ ಬಿಳಿ ಶಾಯಿ ಎಂಬುದೇ ಇಲ್ಲ, ಚಿನ್ನದ ಶಾಯಿಯೂ ಇಲ್ಲ. ಅದು ಬಿಳಿ ಎಂದು ತೋರಿಸುವುದೆಲ್ಲ ಕಾಗದದ ಬಿಳುಪು. ಪಾರದರ್ಶಕ ಹಾಳೆಯ ಮೇಲೆ ಹಳದಿ ಅಕ್ಷರ ಮುದ್ರಿಸಿ ನೇರಳೆ ಇಟ್ಟಿಗೆಗೆ ಅಂಟಿಸಿದರೆ ಕೆಸರಿನ ಬಣ್ಣ ಬರುತ್ತದೆ, ಇಲ್ಲವೇ ಅಕ್ಷರವೇ ಮಾಯವಾಗುತ್ತದೆ. ಬಿಳಿ ಹಾಳೆಯ ಮೇಲೆ ನೇರಳೆ ಹಿನ್ನೆಲೆ ಸಮೇತ ಮುದ್ರಿಸೋಣ ಎಂದು ನಿನ್ನ ಸ್ನೇಹಿತ ಹೇಳಿದನಂತೆ. ಪ್ರಿಂಟರಿನ ನೇರಳೆಯನ್ನೂ ಇಟ್ಟಿಗೆಯ ನೇರಳೆಯನ್ನೂ ಒಂದೇ ಮಾಡಲು ಎಷ್ಟು ಹಾಳೆ ಸುಟ್ಟರೂ, ಟ್ಯೂಬ್‌ಲೈಟಿನ ಕೆಳಗೆ ಹೊಂದಿದ್ದು ಬಿಸಿಲಿಗೆ ತಂದಾಗ ಬೇರೆಯಾಗುತ್ತದೆ. ಮೈಸೂರು ರೇಷ್ಮೆ ಸೀರೆಗೆ ಬ್ಲೌಸ್ ಪೀಸ್ ಹೊಂದಿಸಲು ನಿನ್ನ ಅಜ್ಜಿ ಅಂಗಡಿಯಿಂದ ಹೊರಗೆ ಬಂದು ಬೆಳಕಿಗೆ ಹಿಡಿದು ನೋಡುತ್ತಿದ್ದದ್ದು ಸುಮ್ಮನೆ ಅಲ್ಲ.

ದಾರಿ ಎರಡಿದೆ. ದಪ್ಪ ಅಕ್ಷರ, ಉದ್ದ ಪಟ್ಟಿಗಳನ್ನು ಚಿನ್ನದ ಬಣ್ಣದ ವಿನೈಲಿನಲ್ಲೇ ಕತ್ತರಿಸಿ ಅಂಟಿಸುವುದು ಒಂದು. ಕನ್ನಡಿಯಂತೆ ಹೊಳೆಯುವ ವಿನೈಲ್ ಬೇಡ, ಅದು ಓರೆಯಿಂದ ನೋಡಿದರೆ ಕಪ್ಪಗೆ ಕಾಣುತ್ತದೆ. ಹೊಳಪು ಕಡಿಮೆಯಿರುವ ಚಿನ್ನದ್ದು ನನ್ನ ಹತ್ತಿರ ಅರ್ಧ ರೋಲ್ ಇದೆ. ಎರಡನೆಯದು ಆನೆ ತಲೆಯ ಸಿಂಹದಂಥ ನವಿರಾದ ಚಿತ್ರಕ್ಕೆ. ಅದನ್ನು ಪ್ಲಾಟರ್ ಕತ್ತರಿಸಲಾರದು. ಅಲ್ಲಿ ಇಟ್ಟಿಗೆಯನ್ನೇ ಬದಲಿಸು. ಚಿನ್ನದ ಬಣ್ಣದ ಎರಡು ಗುಂಡಿಯ ದುಂಡು ಟೈಲ್ ಒಂದನ್ನು ಬೋಗಿಯ ಪಕ್ಕಕ್ಕೆ ಕೂರಿಸು. ಪಾರದರ್ಶಕ ಹಾಳೆಯ ಮೇಲೆ ಕಡು ಬಣ್ಣದ ಗೆರೆಗಳಲ್ಲಿ ಲಾಂಛನ ಮುದ್ರಿಸಿ, 15 ಮಿ.ಮೀ. ವೃತ್ತವಾಗಿ ಕತ್ತರಿಸಿ ಅದರ ಮೇಲೆ ಅಂಟಿಸು. ಬಣ್ಣವನ್ನು ಇಟ್ಟಿಗೆಯಿಂದಲೇ ತಂದುಕೋ, ಸ್ಟಿಕ್ಕರಿನಿಂದ ಗೆರೆಯನ್ನು ಮಾತ್ರ ತಗೋ. ಕಿಟಕಿಯ ಕಪ್ಪು ಪಟ್ಟಿ, ಬದಿಯ ಅಗಲ ಪಟ್ಟಿ ಯಾವುದಕ್ಕೂ ಸ್ಟಿಕ್ಕರ್ ಬೇಕಾಗಿಲ್ಲ. ಆ ಬಣ್ಣದ ಇಟ್ಟಿಗೆ ಸಿಗುತ್ತದೆ ಎಂದ ಮೇಲೆ ಅದನ್ನು ಅಂಟಿನಿಂದ ಮಾಡುವುದು ಸೋಮಾರಿತನ.

ಹೆಸರನ್ನು ಕನ್ನಡದಲ್ಲೇ ಬರೆಸಬೇಕು ಎಂದು ನೀನು ಹಟ ಹಿಡಿದದ್ದು ನನಗೆ ಸಂತೋಷ ತಂದಿತು. ಆದರೆ ಕನ್ನಡ ಅಕ್ಷರದ ಲೆಕ್ಕವೇ ಬೇರೆ. ಇಂಗ್ಲಿಷಿನ ದೊಡ್ಡಕ್ಷರ ಒಂದೇ ಸಾಲಿನಲ್ಲಿ ಸೈನಿಕರಂತೆ ನಿಲ್ಲುತ್ತದೆ. ನಮ್ಮದಕ್ಕೆ ತಲೆಕಟ್ಟು ಮೇಲೆ, ಒತ್ತು ಕೆಳಗೆ, ದೀರ್ಘ ಪಕ್ಕಕ್ಕೆ. ಎಂಟು ಗುಂಡಿ ಅಗಲದ ನಿನ್ನ ಬೋಗಿ 64 ಮಿಲಿಮೀಟರ್. ನಿಜವಾದ ಬೋಗಿಯ ಅಗಲ ಸುಮಾರು ಮೂರೂಕಾಲು ಮೀಟರ್. ಅಂದರೆ ಹೆಚ್ಚು ಕಡಿಮೆ ಐವತ್ತರಲ್ಲಿ ಒಂದು ಪಾಲು. ನಿಜ ರೈಲಿನ ಮೇಲೆ ಗೇಣುದ್ದದ ಅಕ್ಷರ ನಿನ್ನ ಬೋಗಿಯ ಮೇಲೆ ನಾಲ್ಕೂವರೆ ಮಿಲಿಮೀಟರ್ ಆಗುತ್ತದೆ. ಜೋಳದ ಕಾಳಿನಷ್ಟು.

ನೀನು ಬೋಗಿ ಬಿಟ್ಟು ಹೋದ ರಾತ್ರಿ ಷಟರ್ ಅರ್ಧ ಎಳೆದು ನಾನು ಪ್ರಯತ್ನ ಮಾಡಿದೆ. ಮೊದಲು ಕದಂಬ. ಒತ್ತಿಲ್ಲದ ಹೆಸರು, ಮೊದಲ ಸಲಕ್ಕೇ ಬಂತು. ಆಮೇಲೆ ರಾಷ್ಟ್ರಕೂಟ. ಷಕಾರದ ಕೆಳಗೆ ಟಕಾರದ ಒತ್ತು, ಅದರ ಮಗ್ಗುಲಲ್ಲಿ ರಕಾರದ ಒತ್ತು. ಒಂದಕ್ಷರದಲ್ಲಿ ಮೂರು ಮನೆ. ಒಂದು ಗುಂಡಿ ಅಗಲದ ಟೈಲಿಗೆ ಹೊಂದಿಸಲು ಅಕ್ಷರದ ಮೈಯನ್ನು 3 ಮಿಲಿಮೀಟರಿಗೆ ಇಳಿಸಿದೆ. ಒತ್ತಿನ ಗೆರೆ ಅರ್ಧ ಮಿಲಿಮೀಟರಿಗಿಂತ ತೆಳುವಾಯಿತು. ಪ್ಲಾಟರ್ ಕತ್ತರಿಸಿತು, ಆದರೆ ಸುತ್ತಲಿನ ಬೇಡದ ವಿನೈಲನ್ನು ಸೂಜಿಯಿಂದ ಬಿಡಿಸುವಾಗ ಟಕಾರದ ಒತ್ತು ಅದರ ಜೊತೆಗೇ ಎದ್ದು ಬಂತು. ಎರಡನೇ ಸಲ ಟಕಾರ ಉಳಿಯಿತು, ರಕಾರದ ಒತ್ತು ನನ್ನ ಕನ್ನಡಕದ ಗಾಜಿಗೆ ಅಂಟಿಕೊಂಡಿತ್ತು. ಮೂರನೇ ಸಲ ಟೈಲನ್ನೇ ಬದಲಿಸಿದೆ: ನಾಲ್ಕು ಗುಂಡಿ ಉದ್ದ, ಎರಡು ಗುಂಡಿ ಅಗಲ, ಅಂದರೆ 31.8ಕ್ಕೆ 15.8. ಅಕ್ಷರದ ಮೈ 5 ಮಿಲಿಮೀಟರ್ ಮಾಡಿದೆ, ಫಾಂಟಿನ ಗೆರೆಯನ್ನು ಸ್ವಲ್ಪ ದಪ್ಪ ಮಾಡಿ ಒತ್ತುಗಳನ್ನು ಕೈಯಾರೆ ಹಿಗ್ಗಿಸಿದೆ. ಬ್ಲೇಡ್ ಕೂಡ ಬದಲಿಸಿದೆ. ಸಣ್ಣ ಅಕ್ಷರಕ್ಕೆ ಮಾಮೂಲಿ 45 ಡಿಗ್ರಿಯದಕ್ಕಿಂತ 60 ಡಿಗ್ರಿಯ ಬ್ಲೇಡ್ ಚೆನ್ನಾಗಿ ತಿರುಗುತ್ತದೆ. ಹನ್ನೊಂದು ಗಂಟೆಗೆ ರಾಷ್ಟ್ರಕೂಟ ಇಡಿಯಾಗಿ ಕೂತಿತು. ಷ್ಟ್ರ ಎಂಬ ಅಕ್ಷರವನ್ನು ಸರಿಯಾಗಿ ನೋಡು ಮಗೂ. ನಮ್ಮ ಲಿಪಿ ಎಷ್ಟು ಚಂದ ಎಂಬುದು ಅಂಥ ಅಕ್ಷರದಲ್ಲಿ ತಿಳಿಯುತ್ತದೆ.

ಮನೆಯಲ್ಲಿ ನೀನು ಕನ್ನಡ ಹೆಸರನ್ನು ವಿನ್ಯಾಸ ಮಾಡಿ ಕಳಿಸುವಾಗ ಎರಡು ವಿಷಯ ಗಮನದಲ್ಲಿರಲಿ. ಫೋನಿನಿಂದ ನಕಲು ಮಾಡಿದ ಯೂನಿಕೋಡ್ ಅಕ್ಷರ ಅಂಗಡಿಯ ಹಳೇ ಕೋರಲ್ ಡ್ರಾದಲ್ಲಿ ಒಡೆದುಹೋಗುತ್ತದೆ, ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡು, ಇಲ್ಲವೇ ನೀನು ಬಳಸುವ ಇಂಕ್‌ಸ್ಕೇಪಿನಲ್ಲಿಯೇ ಅಕ್ಷರವನ್ನು ಗೆರೆಯಾಗಿ ಮಾರ್ಪಡಿಸಿ ಕಳಿಸು. ಇದನ್ನೇ ಅಂಗಡಿಯವರು ಕರ್ವ್ ಮಾಡುವುದು ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸಬೇಡ. ಕನ್ನಡ ಫಾಂಟಿನಲ್ಲಿ ಅಕ್ಷರದ ಮೈ, ಗುಣಿತ, ಒತ್ತು ಬೇರೆ ಬೇರೆ ತುಂಡುಗಳು. ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಪರದೆಯ ಮೇಲೆ ಕಾಣುವುದಿಲ್ಲ, ಆದರೆ ಪ್ಲಾಟರ್ ಆ ಪ್ರತಿಯೊಂದು ತುಂಡಿನ ಅಂಚನ್ನೂ ಕತ್ತರಿಸುತ್ತದೆ. ಕೂ ಎಂಬ ಅಕ್ಷರದ ನಡುವೆಯೇ ಸೀಳು ಬಿದ್ದಿರುತ್ತದೆ. ಎಲ್ಲ ತುಂಡನ್ನೂ ವೆಲ್ಡ್ ಮಾಡಿ ಒಂದೇ ಆಕಾರ ಮಾಡಿದ ಮೇಲೆ ಕಳಿಸು. ಇದು ಗೊತ್ತಿಲ್ಲದೆ ಹಾಳಾದ ಮದುವೆ ಕಾರಿನ ಹೆಸರುಗಳು ಎಷ್ಟೋ.

ಇನ್ನು ಬೋಗಿಯ ಉದ್ದ. ಹಳಿಯ ತಿರುವು ಬಿಗಿ. ನಿನ್ನ ಬಳಿ ಇರುವ ಹಳಿಯ ವೃತ್ತದ ತ್ರಿಜ್ಯ ನಲವತ್ತು ಗುಂಡಿ, ಅಂದರೆ 320 ಮಿಲಿಮೀಟರ್. ಲೆಕ್ಕದಷ್ಟು ಉದ್ದದ ಬೋಗಿ ಅಲ್ಲಿ ತಿರುಗುವುದು ಕಷ್ಟ ಎಂದು ನೀನು ಬೋಗಿಯ ಉದ್ದ ಕಡಿಮೆ ಮಾಡಿದ್ದೀಯ. ಸರಿ. ಆದರೆ ಬೋಗಿ ಗಿಡ್ಡವಾಯಿತೆಂದು ಅಕ್ಷರವನ್ನು ಅಡ್ಡಕ್ಕೆ ಹಿಂಡಬೇಡ. ಎತ್ತರ ಹಾಗೇ ಇರಲಿ, ದಪ್ಪ ಹಾಗೇ ಇರಲಿ, ಪದಗಳ ನಡುವಿನ ಜಾಗ ಕಡಿಮೆ ಮಾಡು. ಹಿಂಡಿದ ಅಕ್ಷರ ಸುಳ್ಳು ಹೇಳಿದಂತೆ ಕಾಣುತ್ತದೆ.

ನೀರಿನಲ್ಲಿ ನೆನೆಸಿ ಜಾರಿಸುವ ಡಿಕಾಲ್ ಬಗ್ಗೆಯೂ ನೀನು ಕೇಳಿದ್ದೆ. ಹಿಂದೆ ಸೈಕಲ್ಲಿನ ಫ್ರೇಮಿನ ಮೇಲಿನ ಲಾಂಛನ ಕೂರಿಸುತ್ತಿದ್ದದ್ದು ಹೀಗೆಯೇ. ವಿನೈಲಿಗಿಂತ ಬಹಳ ತೆಳು, ಅಂಚು ಕಾಣುವುದಿಲ್ಲ, ಬಣ್ಣ ಬಳಿದಂತೆಯೇ ಇರುತ್ತದೆ. ಇಂಕ್‌ಜೆಟ್‌ನಲ್ಲಿ ಮುದ್ರಿಸಿದರೆ ಒಣಗಿದ ಮೇಲೆ ಪಾರದರ್ಶಕ ಅಕ್ರಿಲಿಕ್ ಸ್ಪ್ರೇ ತೆಳುವಾಗಿ ಎರಡು ಮೂರು ಕೋಟ್ ಕೊಡಬೇಕು, ಇಲ್ಲದಿದ್ದರೆ ಶಾಯಿ ನೀರಿನಲ್ಲಿ ಹರಡುತ್ತದೆ. ಲೇಸರ್ ಪ್ರಿಂಟಿಗೆ ಆ ತೊಂದರೆಯಿಲ್ಲ. ಕತ್ತರಿಸಿ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಮುಳುಗಿಸಿ ಹೊರಗಿಡು. ತಾನಾಗಿ ಜಾರುವವರೆಗೆ ಕಾಯಬೇಕು, ಬಲವಂತ ಮಾಡಬಾರದು. ಒದ್ದೆ ಬ್ರಷ್ಷಿನಿಂದ ಜಾಗಕ್ಕೆ ಸರಿಸಿ, ಮೆತ್ತನೆ ಬಟ್ಟೆಯಿಂದ ಒತ್ತಿ ನೀರು ತೆಗೆ. ಮೇಲೆ ಹೊಡೆಯುವ ವಾರ್ನಿಷ್ ನೀರಿನ ಮೂಲದ್ದಾಗಿರಲಿ. ಅದನ್ನೂ ಮೊದಲು ಒಡೆದ ಇಟ್ಟಿಗೆಯೊಂದರ ಮೇಲೆ ಹೊಡೆದು ಒಂದು ರಾತ್ರಿ ಬಿಟ್ಟು ನೋಡು. ಪ್ರದರ್ಶನಕ್ಕಿಟ್ಟು ಮುಟ್ಟದಿರುವ ಎಂಜಿನ್ನಿಗೆ ಡಿಕಾಲ್ ಚೆಂದ. ದಿನಾ ಕೈಯಲ್ಲಿ ಎತ್ತಿ ಆಡುವ ಬೋಗಿಗೆ ವಿನೈಲೇ ಸರಿ ಎಂಬುದು ನನ್ನ ಅಭಿಪ್ರಾಯ.

ಅಂಟಿಸುವ ದಿನ ಫ್ಯಾನ್ ಆರಿಸು, ಕೈ ತೊಳೆ. ಮೊಬೈಲ್ ರಿಪೇರಿ ಅಂಗಡಿಯವರು ಐಪಿಎ ಅನ್ನುವ ಆಲ್ಕೊಹಾಲ್ ಇಟ್ಟಿರುತ್ತಾರೆ. ಹತ್ತಿಗೆ ಎರಡು ಹನಿ ಹಾಕಿ ಟೈಲ್ ಒರೆಸು, ಬೆರಳಿನ ಎಣ್ಣೆ ಹೋಗುತ್ತದೆ. ಸ್ಟಿಕ್ಕರನ್ನು ಬೆರಳಿನಿಂದ ಎತ್ತಬೇಡ. ಕಟರ್ ಬ್ಲೇಡಿನ ತುದಿಗೆ ಒಂದಂಚು ಅಂಟಿಸಿಕೊಂಡು ಎತ್ತು, ಎದುರಿನ ಅಂಚನ್ನು ಮೊದಲು ಟೈಲಿಗೆ ತಾಗಿಸು, ಸರಿಯಿದೆಯೇ ಎಂದು ಎರಡೂ ಬದಿಯ ಜಾಗ ನೋಡು, ಆಮೇಲೆ ನಿಧಾನಕ್ಕೆ ಮಲಗಿಸು. ದೊಡ್ಡ ಸ್ಟಿಕ್ಕರಾದರೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದೇ ಹನಿ ಹಾಕಿ, ಆ ನೀರನ್ನು ಟೈಲಿಗೆ ಸವರು. ಸ್ಟಿಕ್ಕರ್ ಅದರ ಮೇಲೆ ತೇಲುತ್ತದೆ, ಸರಿಸಿ ಹೊಂದಿಸಲು ಸಮಯ ಸಿಗುತ್ತದೆ. ಆಮೇಲೆ ನಡುವಿನಿಂದ ಅಂಚಿಗೆ ಒತ್ತಿ ನೀರು ಹೊರಗೆ ತಳ್ಳು. ಕಾರಿನ ಗಾಜಿಗೆ ನಾವು ಮಾಡುವುದೂ ಇದನ್ನೇ.

ಎರಡು ಇಟ್ಟಿಗೆಯ ಮೇಲೆ ಹಾಯುವಂತೆ ಒಂದು ಸ್ಟಿಕ್ಕರ್ ಎಂದೂ ಅಂಟಿಸಬೇಡ. ಇದೊಂದನ್ನು ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಉದ್ದ ಹೆಸರು ಮೂರು ಟೈಲ್ ದಾಟಿ ಹೋಗಬೇಕಾದರೆ ಅಂಟಿಸಿದ ಕೂಡಲೇ ಪ್ರತಿ ಸಂದಿನಲ್ಲೂ ಹೊಸ ಬ್ಲೇಡ್ ಹಾಯಿಸಿ ಕತ್ತರಿಸು. ಅದಕ್ಕಿಂತ ಒಳ್ಳೆಯದು, ವಿನ್ಯಾಸದಲ್ಲೇ ಸಂದು ಎಲ್ಲಿ ಬರುತ್ತದೆ ಎಂದು ಗೆರೆ ಹಾಕಿಕೊಂಡು ಅದು ಎರಡು ಅಕ್ಷರಗಳ ನಡುವೆಯೇ ಬೀಳುವಂತೆ ಮಾಡು. ಎರಡು ಇಟ್ಟಿಗೆಯನ್ನು ಸ್ಟಿಕ್ಕರಿನಿಂದ ಹೊಲಿದುಬಿಟ್ಟರೆ ಅವು ಇಟ್ಟಿಗೆಗಳಾಗಿ ಉಳಿಯುವುದಿಲ್ಲ. ಬಿಚ್ಚಿದ ದಿನ ಹರಿಯುತ್ತದೆ, ಇಲ್ಲವೇ ಹರಿಯುತ್ತದೆಂಬ ಭಯಕ್ಕೆ ನೀನು ಬಿಚ್ಚುವುದನ್ನೇ ಬಿಡುತ್ತೀಯ. ಬಿಚ್ಚಲು ಹೆದರುವ ಮೇಲೆ ಆಟ ಎಲ್ಲಿ ಉಳಿಯಿತು? ಹಾಗೆಯೇ ಬೋಗಿಯನ್ನು ಎತ್ತುವಾಗ ನಿನ್ನ ಹೆಬ್ಬೆರಳು ಎಲ್ಲಿ ಕೂರುತ್ತದೆ ನೋಡಿಕೋ. ಆ ಜಾಗದಲ್ಲಿ ಸ್ಟಿಕ್ಕರ್ ಬೇಡ. ಕಿಟಕಿಯ ಬಿಸಿಲು ಬೀಳುವ ಕಪಾಟಿನಲ್ಲೂ ರೈಲು ನಿಲ್ಲಿಸಬೇಡ. ಬಿಸಿಲಿಗೆ ಶಾಯಿ ಮಾಸುತ್ತದೆ, ಬಿಳಿ ಇಟ್ಟಿಗೆ ಹಳದಿಯಾಗುತ್ತದೆ.

ಇನ್ನೊಂದು ಮಾತು ಅಕ್ಷರದ ನಿಯತ್ತಿನದು. ನನ್ನ ಅಂಗಡಿಗೆ ಪತ್ರಕರ್ತರಲ್ಲದ ಹುಡುಗರು ಬಂದು ಬೈಕಿಗೆ ಪ್ರೆಸ್ ಎಂದು ಕತ್ತರಿಸಿಕೊಡಿ ಎಂದು ಕೇಳುತ್ತಾರೆ. ಪೊಲೀಸ್ ಎಂದು ಕೇಳಿದವರೂ ಇದ್ದಾರೆ. ಗುರುತಿನ ಚೀಟಿ ತೋರಿಸಿ ಅನ್ನುತ್ತೇನೆ. ಎದ್ದು ಹೋಗುತ್ತಾರೆ, ಪಕ್ಕದ ಬೀದಿಯಲ್ಲಿ ಮಾಡಿಸಿಕೊಳ್ಳುತ್ತಾರೆ. ಆ ದುಡ್ಡು ಹೋದದ್ದಕ್ಕೆ ನನಗೆ ಬೇಸರವಿಲ್ಲ. ಒಂದು ಅಕ್ಷರ ಬರೆದ ಮೇಲೆ ಅದು ಹೇಳುವ ಮಾತಿಗೆ ಬರೆದವನೂ ಜವಾಬ್ದಾರ. ನಿನಗೂ ಅದೇ ಅನ್ವಯ. ಬೇರೆ ಯಾರೋ ರಾತ್ರಿಗಟ್ಟಲೆ ಕೂತು ಬರೆದ ಸ್ಟಿಕ್ಕರ್ ವಿನ್ಯಾಸವನ್ನು ಎಲ್ಲರೂ ಬಳಸಲಿ ಎಂದು ಕೊಟ್ಟಿರಬಹುದು. ಬಳಸು, ಅವರ ಹೆಸರು ಹೇಳು. ಮಾರಾಟಕ್ಕೆ ಮಾತ್ರ ಮಾಡಬೇಡ, ಕೇಳದೆ ತಿದ್ದಿ ನನ್ನದು ಎನ್ನಬೇಡ.

ನಿನ್ನ ನೀಲಿ ಸ್ಲೀಪರ್ ಬೋಗಿಯ ಮೇಲಿನ ಸಂಖ್ಯೆಯನ್ನೂ ನೋಡಿದೆ. ನಿನ್ನ ಫೋನ್ ನಂಬರಿನ ಕೊನೆಯ ಐದು ಅಂಕಿ. ಅದನ್ನು ಬದಲಿಸು. ನಮ್ಮ ರೈಲ್ವೆಯ ಐದಂಕಿಯ ಬೋಗಿ ಸಂಖ್ಯೆಗೆ ಅರ್ಥವಿದೆ. ಮೊದಲೆರಡು ಅಂಕಿ ಬೋಗಿ ತಯಾರಾದ ವರ್ಷ. ಉಳಿದ ಮೂರು ಅಂಕಿ ಯಾವ ಬಗೆಯ ಬೋಗಿ ಎಂದು ಹೇಳುತ್ತವೆ: 101ರಿಂದ 150ರವರೆಗೆ ಮೂರು ಹಂತದ ಎಸಿ, 201ರಿಂದ 400ರವರೆಗೆ ಸ್ಲೀಪರ್. 99312 ಎಂದು ಬರೆದರೆ 1999ರಲ್ಲಿ ತಯಾರಾದ ಸ್ಲೀಪರ್ ಬೋಗಿ ಎಂದು ತಿಳಿದವರು ಓದುತ್ತಾರೆ. ಎರಡು ಮಿಲಿಮೀಟರಿನ ಅಂಕಿ, ಯಾರು ನೋಡುತ್ತಾರೆ ಎನ್ನಬೇಡ. ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋಗು. 1979ರಲ್ಲಿ ತೆರೆದದ್ದು, ಅಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿ ಇದೆ, ಇಎಸ್ 506 ಎಂಬ ಹಳೆಯ ಉಗಿಬಂಡಿಯೂ ಇದೆ. ಅಲ್ಲಿ ಎಂಜಿನ್ನಿನ ಅಂದ ನೋಡಿದ್ದು ಸಾಕು. ಈ ಸಲ ಅಕ್ಷರ ನೋಡು. ಯಾವ ಎತ್ತರದಲ್ಲಿದೆ, ಅಂಚಿನಿಂದ ಎಷ್ಟು ದೂರ, ಗೆರೆ ಎಷ್ಟು ದಪ್ಪ. ಫೋಟೋ ತೆಗೆಯುವಾಗ ಓರೆಯಿಂದ ಬೇಡ, ನೇರ ಎದುರಿಗೆ ನಿಂತು ತೆಗೆ. ಆಗ ಅದನ್ನೇ ಅಳತೆಗೆ ಬಳಸಬಹುದು.

ಕೊನೆಯದಾಗಿ, ನಿನ್ನ ರೈಲಿನ ಕಟ್ಟಕಡೆಯ ಬೋಗಿಯ ಬೆನ್ನು ಖಾಲಿ ಇದೆ. ನಿಜವಾದ ರೈಲಿನಲ್ಲಾದರೆ ಅಲ್ಲಿ ಹಳದಿ ಹಲಗೆಯ ಮೇಲೆ ಕಪ್ಪಿನಲ್ಲಿ ಎಲ್‌ವಿ ಎಂಬ ಎರಡು ಇಂಗ್ಲಿಷ್ ಅಕ್ಷರ ತೂಗುಹಾಕಿರುತ್ತಾರೆ. ಕೊನೆಯ ಬೋಗಿ ಎಂದು ಅದರರ್ಥ. ರೈಲು ಸ್ಟೇಷನ್ ದಾಟುವಾಗ ಸಿಬ್ಬಂದಿ ಕಣ್ಣಿಟ್ಟು ನೋಡುವುದು ಅದನ್ನು. ಅದು ಕಂಡರೆ ರೈಲು ಪೂರ್ತಿ ಬಂತು, ನಡುದಾರಿಯಲ್ಲಿ ಬೋಗಿ ಕಳಚಿ ಉಳಿದಿಲ್ಲ ಎಂದು ಖಾತ್ರಿ. ಐವತ್ತರ ಲೆಕ್ಕದಲ್ಲಿ ಒಂದೇ ಗುಂಡಿಯ ಹಳದಿ ಟೈಲ್ ಅದಕ್ಕೆ ಸರಿಹೋಗುತ್ತದೆ. ತಿಳಿ ಬಣ್ಣದ ಮೇಲೆ ಕಪ್ಪು ಅಕ್ಷರವಾದ್ದರಿಂದ ನಿನ್ನ ಪ್ರಿಂಟರಿನಲ್ಲೇ ಆಗುತ್ತದೆ. ಅದನ್ನು ನೀನೇ ಮಾಡು, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಭಾನುವಾರ ಅಂಗಡಿಗೆ ರಜೆ. ಹತ್ತು ಗಂಟೆಗೆ ಬಾ, ತಿಂಡಿ ಇಲ್ಲೇ ತಿನ್ನುವೆಯಂತೆ. ರಾಷ್ಟ್ರಕೂಟ ಕೂತ ಟೈಲನ್ನು ಬೆಂಕಿಪೊಟ್ಟಣದಲ್ಲಿ ಹತ್ತಿಯಿಟ್ಟು ತೆಗೆದಿಟ್ಟಿದ್ದೇನೆ. ಇನ್ನೂ ಒಂಬತ್ತು ಮನೆತನದ ಹೆಸರು ಕತ್ತರಿಸುವುದು ಬಾಕಿ ಇದೆ.